ಪಾದ್ರಿಯಮ್ಮನ ಕೆಸುವಿನ ಹೊಂಡ

ಹೊಸ ಪಾದ್ರಿ ಬಂದಿಳಿದ ದಿನ ವೈರೋವಾ ದ್ವೀಪದವರೆಲ್ಲ ದಂಡೆಯ ಮೇಲಿದ್ದೆವು. ಬಡಗಣ ಕೇರಿಯವರು ಒಂದು ಕಡೆ, ತೆಂಕಣ ಕೇರಿಯವರು ಇನ್ನೊಂದು ಕಡೆ, ನಡುವೆ ಒಂದು ದೋಣಿ ಎಳೆದಿಡುವಷ್ಟು ಜಾಗ ಖಾಲಿ. ಇನ್ನೂರ ಹತ್ತು ಜನರ ದ್ವೀಪದಲ್ಲಿ ಅಷ್ಟು ಅಂತರ ಇಟ್ಟುಕೊಂಡು ನಿಲ್ಲುವುದಕ್ಕೂ ಅಭ್ಯಾಸ ಬೇಕು. ನಮಗೆ ಇಪ್ಪತ್ತೆರಡು ವರ್ಷದ ಅಭ್ಯಾಸವಿತ್ತು.

ಹಡಗು ಹವಳದ ದಿಬ್ಬದ ಆಚೆಗೇ ನಿಂತಿತು. ಸಣ್ಣ ದೋಣಿಯೊಂದು ಅಲೆಯ ಸಂದು ನೋಡಿಕೊಂಡು ಒಳಗಡಲಿಗೆ ನುಗ್ಗಿತು. ಹಿಂದಿನ ಪಾದ್ರಿ ಗುಡುಗಿದ ಹಾಗೆ ಮಾತಾಡುವ ಭಾರೀ ಆಳು. ಇವರೂ ಹಾಗೇ ಇರುತ್ತಾರೆಂದುಕೊಂಡು ನಾವು ದಪ್ಪ ಕುತ್ತಿಗೆಗೆ ಸರಿಯಾಗಿ ಹೂವಿನ ಹಾರ ಕಟ್ಟಿದ್ದೆವು. ಇಳಿದದ್ದು ಗಳುವಿನಂಥ ಉದ್ದನೆಯ ಮುದುಕ. ಆರು ದಿನದ ಸಮುದ್ರ ಅವರ ಮುಖವನ್ನು ಎಳೆ ತೆಂಗಿನ ಗರಿಯ ಬಣ್ಣಕ್ಕೆ ತಂದಿತ್ತು. ಸ್ವಾಗತದ ಹಾಡು ಮುಗಿದ ಮೇಲೆ ಎರಡು ಮಾತಾಡುವುದು ವಾಡಿಕೆ. ಅವರು ಬಾಯಿ ತೆರೆದರು, ಮುಚ್ಚಿದರು, ಸರಸರನೆ ಹೋಗಿ ಪೊದೆಯ ಹಿಂದೆ ವಾಂತಿ ಮಾಡಿಕೊಂಡರು. ನಮಗೆ ಎತ್ತ ನೋಡಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ತಾವೇ ನಡೆದು ಬಂದರು ಅವರ ಹೆಂಡತಿ. ಗಿಡ್ಡಗೆ, ಗುಂಡಗೆ ಇದ್ದ ಹೆಂಗಸು.

"ಗಾಬರಿ ಆಗ್ಬೇಡಿ. ಇದು ಅವರ ಮೊದಲನೇ ಉಪದೇಶ. ಭಾನುವಾರದ್ದು ಇದಕ್ಕಿಂತ ಚೆನ್ನಾಗಿರುತ್ತೆ," ಅಂದರು.

ಎರಡೂ ಕೇರಿಯವರು ಒಟ್ಟಿಗೆ ನಕ್ಕೆವು. ಒಟ್ಟಿಗೆ ನಕ್ಕದ್ದು ಗೊತ್ತಾದ ಕೂಡಲೇ ನಿಲ್ಲಿಸಿದೆವು.

ನನ್ನ ಹೆಸರು ಕಿಮಿಯೋರಾ. ಬಡಗಣ ಕೇರಿಯವಳು. ಗಂಡ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು. ಚರ್ಚಿನ ಹೆಂಗಸರ ಸಂಘದಲ್ಲಿ ನಮ್ಮ ಕೇರಿಯ ಕಡೆಯಿಂದ ನಾನೇ ದೊಡ್ಡವಳು. ನನ್ನ ಅಡುಗೆ ಚಪ್ಪರದಲ್ಲಿ ಕೂತರೆ ಪಾದ್ರಿ ಮನೆಯ ಹಿತ್ತಲು ನೇರವಾಗಿ ಕಾಣುತ್ತದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ಪಾದ್ರಿಯಮ್ಮನೇ ನನಗೆ ಹೇಳಿದ್ದು, ಕೇದಗೆ ಎಲೆ ಸೀಳುತ್ತಾ ಕೂತಾಗ.

ಪಾದ್ರಿಯ ಹೆಸರು ತಾಮಾರುವಾ. ನಮ್ಮ ದ್ವೀಪಗಳಿಗೆಲ್ಲ ರಾಜಧಾನಿಯಾದ ರಾರೊಟೊಂಗಾದಲ್ಲಿ ಯಾರನ್ನು ಕೇಳಿದರೂ ಗುರುತು ಹೇಳುತ್ತಾರೆ, ಏಕೆಂದರೆ ಮೂವತ್ತನಾಲ್ಕು ವರ್ಷ ಆ ದ್ವೀಪ ಸುತ್ತುವ ಬಸ್ಸನ್ನು ಓಡಿಸಿದವರು ಅವರು. ಅಲ್ಲಿ ಇರುವುದು ಒಂದೇ ದಾರಿ, ಕಡಲಂಚಿಗೆ ದ್ವೀಪವನ್ನು ಬಳಸಿಕೊಂಡು ಬರುತ್ತದೆ. ಪಾದ್ರಿಯಮ್ಮ ಅಕಾಯಿತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಹರೆಯದಲ್ಲಿ ಅವರನ್ನು ಮದುವೆಗೆ ಕೇಳಿಕೊಂಡು ಬಂದವರು ಇಬ್ಬರು. ಒಬ್ಬ ಪಾದ್ರಿಯಾಗಲು ಓದುತ್ತಿದ್ದವ, ಇನ್ನೊಬ್ಬ ಬಸ್ ಡ್ರೈವರ್. ಅವರು ಡ್ರೈವರನ್ನು ಕಟ್ಟಿಕೊಂಡರು. ಆಮೇಲೆ ಮನೆಯಲ್ಲಿ ಜಗಳ ಬಂದಾಗಲೆಲ್ಲ, ಆವತ್ತು ಹೂಂ ಅಂದಿದ್ದರೆ ಇವತ್ತು ಪಾದ್ರಿಯಮ್ಮ ಆಗಿರುತ್ತಿದ್ದೆ, ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ ಎಂದು ಗಂಡನನ್ನು ಚುಚ್ಚುವರು. ಗಂಡ ನಕ್ಕುಬಿಡುವರು. ಐವತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ ಬಸ್ಸಿನ ಕೀಲಿಕೈ ಒಪ್ಪಿಸಿ ಬಂದವರೇ, ದೇವಶಾಸ್ತ್ರದ ಪಾಠಶಾಲೆಗೆ ಸೇರಿಕೊಂಡು ಬಂದಿದ್ದೇನೆ, ನಾಲ್ಕು ವರ್ಷ ಓದಬೇಕು, ಹೆಂಡತಿಯೂ ಜೊತೆಗಿದ್ದು ಕಲಿಯಬೇಕಂತೆ ಎಂದರು. ಅಕಾಯಿತಿಗೆ ನಂಬಿಕೆಯೇ ಬರಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ ತಾಮಾರುವಾ, "ನಿನ್ನ ಬಾಯಿ ಮುಚ್ಚಿಸೋಕೆ ಬೇರೆ ದಾರಿ ಕಾಣ್ಲಿಲ್ಲ," ಅಂದರಂತೆ. ಆಮೇಲೆ, ಬಸ್ಸಿನಲ್ಲಿ ದಿನಾ ಮುದುಕಿಯರು ತಮ್ಮ ಕಷ್ಟ ಸುಖ ಹೇಳಿಕೊಳ್ಳುತ್ತಿದ್ದರು, ಅವರಿಗೆ ಏನು ಹೇಳಬೇಕೋ ಗೊತ್ತಾಗದೆ ಹಾರ್ನ್ ಹೊಡೆಯುತ್ತಿದ್ದೆ, ಅದು ಸಾಕಾಯಿತು ಎಂದೂ ಹೇಳಿದರಂತೆ. ಎರಡನೇ ಮಾತೇ ನಿಜವಿರಬೇಕು ಎಂದು ಪಾದ್ರಿಯಮ್ಮ ಈಗಲೂ ನಂಬಿದ್ದಾರೆ. ನನಗೆ ಮೊದಲನೆಯದರ ಮೇಲೇ ಹೆಚ್ಚು ನಂಬಿಕೆ.

ಅಂತೂ ಅರವತ್ತೆರಡರ ಗಂಡ, ಅರವತ್ತರ ಹೆಂಡತಿ, ಅವರ ಮೊದಲ ಸೇವೆಗೆ ಸಿಕ್ಕಿದ್ದು ರಸ್ತೆಯೂ ಇಲ್ಲದ ನಮ್ಮ ಮರಳ ದ್ವೀಪ.

ಪಾದ್ರಿ ಕುಟುಂಬವನ್ನು ಸಾಕುವುದು ನಮ್ಮಲ್ಲಿ ಊರಿನ ಕೆಲಸ. ಒಂದು ವಾರ ಬಡಗಣ ಕೇರಿ, ಇನ್ನೊಂದು ವಾರ ತೆಂಕಣ ಕೇರಿ. ಪಾದ್ರಿ ಬಲೆ ಬೀಸಬಾರದು, ಮಣ್ಣು ಮುಟ್ಟಬಾರದು, ಮರ ಹತ್ತಬಾರದು. ಅವರು ದುಡಿದರೆ ನಮಗೆ ಅವಮಾನ. ನಾವು ಒಂದು ವಾರ ಗಿಳಿಮೀನು ಸುಟ್ಟು ಕಳಿಸಿದರೆ ಮುಂದಿನ ವಾರ ತೆಂಕಣದವರು ಗಿಳಿಮೀನಿನ ಜೊತೆ ತೆಂಗಿನೇಡಿ ಕಳಿಸುವರು. ಅದು ನಮ್ಮ ಕಿವಿಗೆ ಬಿದ್ದರೆ ಅದರ ಮುಂದಿನ ವಾರ ಏಡಿಯ ಜೊತೆ ಹಂದಿಯ ತೊಡೆ. ಎಂಟು ತಿಂಗಳಲ್ಲಿ ಆ ಗಳುವಿಗೆ ಹೊಟ್ಟೆ ಬಂತು. ಒಂದು ಭಾನುವಾರ ತಾಳ್ಮೆಯ ಬಗ್ಗೆ ಮಾತಾಡುತ್ತಾ ಕೈ ಎತ್ತಿದಾಗ ಅಂಗಿಯ ಗುಂಡಿ ಹಾರಿ ನನ್ನ ಟೋಪಿಯ ಮೇಲೆ ಬಿತ್ತು. ನಾನು ಅದನ್ನು ಮರುದಿನ ಕೊಡಲು ಹೋದಾಗ ಪಾದ್ರಿಯಮ್ಮ, "ಕಿಮಿಯೋರಾ, ಇವರನ್ನ ಕ್ರಿಸ್‌ಮಸ್‌ಗೆ ಕಡೀಬೇಕು ಅಂತಿದೀರೇನೇ?" ಎಂದು ಕೇಳಿದರು.

ನಗುತ್ತಲೇ ಕೇಳಿದ್ದು, ಆದರೆ ಒಳಗೆ ಬೇಸರವಿತ್ತು. ದುಡಿದು ಬೆಳೆದ ಮೈ ಅವರಿಬ್ಬರದೂ. ಬೆಳಗಿನ ಪ್ರಾರ್ಥನೆ ಮುಗಿದರೆ ಸಂಜೆಯ ಪ್ರಾರ್ಥನೆವರೆಗೆ ಜಗುಲಿಯಲ್ಲಿ ಕೂತು ಕಡಲು ನೋಡಬೇಕು. ಏನಾದರೂ ಕೆಲಸ ಕೊಡು ಎಂದು ಅವರು ನನ್ನನ್ನು ಎಷ್ಟೋ ಸಲ ಕೇಳಿದ್ದರು. ಟೋಪಿ ಹೆಣೆಯಲು ಕರೆದೆ. ಅವರು ಹೆಣೆದದ್ದನ್ನು ನೋಡಿ, ದಯವಿಟ್ಟು ಬೇಡ ಎಂದೆ.

ಹಾಗಿರುವಾಗ ಒಂದು ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೇನೆ, ಪಾದ್ರಿ ಮನೆಯ ಹಿತ್ತಲಿನಾಚೆ ಸಲಿಕೆಯ ಸದ್ದು. ಎದ್ದು ನೋಡಿದರೆ ಇಬ್ಬರೂ ಹಳೆಯ ಹೊಂಡದಲ್ಲಿ ಇಳಿದಿದ್ದಾರೆ. ತಾಮಾರುವಾ ಮರಳು ಅಗೆಯುತ್ತಿದ್ದಾರೆ, ಅಕಾಯಿತಿ ಬಟ್ಟೆ ಒಗೆಯುವ ಬೋಗುಣಿಯಲ್ಲಿ ಹೊತ್ತು ಮೇಲೆ ಸುರಿಯುತ್ತಿದ್ದಾರೆ. ನನ್ನ ಕೈಯ ಕಡ್ಡಿಪೆಟ್ಟಿಗೆ ಕೆಳಗೆ ಬಿತ್ತು.

ಆ ಹೊಂಡದ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮದು ಬರೀ ಮರಳು. ಕೆಸು ಬೆಳೆಯಬೇಕಾದರೆ ಸಿಹಿನೀರು ಒಸರುವ ತನಕ ಆಳಕ್ಕೆ ತೋಡಿ, ಎಲೆಗೊಬ್ಬರ ತುಂಬಿ, ಕೆಸರು ಮಾಡಿ ನೆಡಬೇಕು. ಎರಡು ಕೇರಿಯ ನಡುವೆ ಇದ್ದ ಈ ಹೊಂಡ ದ್ವೀಪಕ್ಕೆಲ್ಲ ದೊಡ್ಡದು, ಅಜ್ಜಂದಿರ ಅಜ್ಜಂದಿರು ತೋಡಿದ್ದು. ಇಪ್ಪತ್ತೆರಡು ವರ್ಷದ ಹಿಂದೆ ಚಂಡಮಾರುತ ಬಂದು ಅದನ್ನು ಮರಳು, ಹವಳದ ಚೂರು, ಹಾರಿ ಬಂದ ತಗಡುಗಳಿಂದ ಮುಚ್ಚಿ ಹಾಕಿತು. ಗಡಿಕಲ್ಲುಗಳೂ ಹೋದವು. ಮತ್ತೆ ತೆಗೆಯೋಣವೆಂದು ಹೊರಟಾಗ ನನ್ನ ಗಂಡ ಇದು ಬಡಗಣದ್ದು ಅಂದ. ತೆಂಕಣ ಕೇರಿಯ ಮಾತಾಪೋ ಇದು ತೆಂಕಣದ್ದು ಅಂದ. ಅಲ್ಲಿಯವರೆಗೆ ಅವರಿಬ್ಬರೂ ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು. ಮಾತಾಪೋನ ಹೆಂಡತಿ ತೆಕೂರಾ ನನ್ನ ಸ್ವಂತ ಅಕ್ಕ.

ಮಾತಿಗೆ ಮಾತು ಬೆಳೆಯಿತು. ರಾರೊಟೊಂಗಾದಿಂದ ತೀರ್ಪು ತರಿಸೋಣ, ಅಲ್ಲಿಯವರೆಗೆ ಯಾರೂ ಹೊಂಡಕ್ಕೆ ಕಾಲಿಡಬಾರದು, ಮೊದಲು ಕಾಲಿಟ್ಟ ಕೇರಿಯ ಹಕ್ಕು ಹೋಯಿತು ಎಂದು ಹಿರಿಯರು ಕಟ್ಟು ಮಾಡಿದರು. ಅರ್ಜಿಗೆ ಎರಡೂ ಕೇರಿಯವರ ರುಜು ಬೇಕಿತ್ತು. ಅವರು ಮೊದಲು ಹಾಕಲಿ ಎಂದು ನಾವು, ನಾವೇ ಮೊದಲು ಹಾಕಬೇಕು ಎಂದು ಅವರು. ಅರ್ಜಿ ಹೋಗಲೇ ಇಲ್ಲ. ಗಂಡಂದಿರ ಮಾತು ನಿಂತಿತು, ಹಿಂದೆಯೇ ಅಕ್ಕತಂಗಿಯರದೂ ನಿಂತಿತು. ಯಾರು ಮೊದಲು ನಿಲ್ಲಿಸಿದ್ದು ಎಂದು ನನಗೆ ಈಗಲೂ ಗೊತ್ತಿಲ್ಲ. ನನ್ನ ಗಂಡ ತೀರಿಕೊಂಡ ದಿನ ತೆಕೂರಾ ಬಂದಿದ್ದಳು. ತಾನೇ ಹೆಣೆದ ಹೊಸ ಚಾಪೆಯನ್ನು ಹೆಣದ ಮೇಲೆ ಹೊದಿಸಿ, ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಒಂದೂ ಮಾತಾಡದೆ ಹೊರಟುಹೋದಳು.

ಈಗ ಈ ಮುದುಕ ಮುದುಕಿ ಅದೇ ಹೊಂಡವನ್ನು ತೋಡುತ್ತಿದ್ದರು. ಪಾದ್ರಿ ಮನೆಯ ಹಿತ್ತಲಿಗೆ ಅಂಟಿಕೊಂಡ ಹಾಳು ಗುಂಡಿ, ಚರ್ಚಿನದೇ ಇರಬೇಕು ಎಂದುಕೊಂಡಿರಬಹುದು. ಯಾರೂ ಅವರಿಗೆ ಹೇಳಿರಲಿಲ್ಲ. ಅವಮಾನದ ಮಾತನ್ನು ಹೊಸಬರ ಹತ್ತಿರ ಯಾರು ಹೇಳುತ್ತಾರೆ?

ಆ ದಿನವೇ ನಮ್ಮ ಕೇರಿಯವರು ಸೇರಿದೆವು. ಹೋಗಿ ನಿಲ್ಲಿಸಬೇಕು ಎಂದು ಕೆಲವರು. ಆಗ ಒಬ್ಬ ಹಿರಿಯ, ನಾವು ನಿಲ್ಲಿಸಿದರೆ ನಮಗೆ ಹಕ್ಕಿದೆ ಅಂತ ನಾವೇ ಮೊದಲು ಬಾಯಿಬಿಟ್ಟ ಹಾಗೆ, ತೆಂಕಣದವರು ರಂಪ ಮಾಡುತ್ತಾರೆ, ಅವರೇ ನಿಲ್ಲಿಸಲಿ ಅಂದ. ಎಲ್ಲರೂ ತಲೆದೂಗಿದರು. ತೆಂಕಣ ಕೇರಿಯಲ್ಲೂ ಅದೇ ದಿನ ಸಭೆ ಸೇರಿ ಅದೇ ತೀರ್ಮಾನ ಮಾಡಿದರೆಂದು ಆಮೇಲೆ ತಿಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಎರಡೂ ಕೇರಿಯವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯಕ್ಕೆ.

ಹೀಗೆ ಐದು ವಾರ ನಡೆಯಿತು. ಬಿಸಿಲೇರುವ ತನಕ ಅವರಿಬ್ಬರು ಅಗೆಯುವರು, ಇಡೀ ದ್ವೀಪ ಏನಾದರೊಂದು ನೆಪ ಮಾಡಿಕೊಂಡು ಆ ದಾರಿಯಲ್ಲಿ ಹಾಯುವುದು. ಒಬ್ಬನ ಹಂದಿ ದಿನಾ ಆ ಕಡೆಗೇ ತಪ್ಪಿಸಿಕೊಳ್ಳುತ್ತಿತ್ತು. ಮಾತಾಪೋ ಹೊಂಡದಿಂದ ಇಪ್ಪತ್ತು ಮಾರು ದೂರದಲ್ಲಿ ಕೂತು ಬಲೆ ಹೊಲಿಯುತ್ತಿದ್ದ; ಆ ಬಲೆ ಐದು ವಾರವಾದರೂ ಮುಗಿಯಲಿಲ್ಲ. ನಾನು ಒಲೆಯ ಮುಂದೆ ಕೂತೇ ಅವರಿಬ್ಬರ ಮಾತು ಕೇಳುತ್ತಿದ್ದೆ.

"ನಾಲ್ಕು ಸಲಿಕೆಗೊಂದು ಸಲ ನಿಲ್ತೀಯಲ್ಲ, ಇಲ್ಲಿ ಯಾರು ಹತ್ತೋರಿದಾರೆ?" ಎಂದು ಹೆಂಡತಿ.

"ಡ್ರೈವರ್ ಜೊತೆ ಮಾತಾಡಬಾರ್ದು ಅಂತ ಬೋರ್ಡಿರುತ್ತೆ. ಓದಿಲ್ವಾ?" ಎಂದು ಗಂಡ.

ಅವರ ಮೈ ಇಳಿಯಿತು, ಮುಖ ಅರಳಿತು. ತಾಮಾರುವಾ ಅಗೆಯುವಾಗ ಹಾಡಿಕೊಳ್ಳಲು ಶುರು ಮಾಡಿದರು. ದೇವರು ಅವರಿಗೆ ಕೊಡದೆ ಬಿಟ್ಟ ಒಂದೇ ವರ ದನಿ. ಆದರೂ ಕೇಳಲು ಹಿತವಾಗುತ್ತಿತ್ತು. ನನಗೆ ದಿನವೂ ನಾಚಿಕೆ. ಅರವತ್ತು ದಾಟಿದ ಹೆಂಗಸು ಮರಳು ಹೊರುತ್ತಿದ್ದಾಳೆ, ನಾನು ಕೂತು ನೋಡುತ್ತಿದ್ದೇನೆ. ಒಂದು ದಿನ ಎಳನೀರು ಕೆತ್ತಿ ಒಯ್ದು ಹೊಂಡದ ಅಂಚಿನಲ್ಲಿ ಇಟ್ಟು ಬಂದೆ. ಮರುದಿನ ಹೋಗಿ ನೋಡಿದರೆ ಎದುರು ಅಂಚಿನಲ್ಲಿ ಬಾಳೆ ಎಲೆ ಮುಚ್ಚಿದ ದೀವಿಹಲಸಿನ ಕಡುಬು ಇತ್ತು. ಆ ಎಲೆಯ ಮಡಿಕೆ ನೋಡಿದರೇ ಗೊತ್ತು, ನಮ್ಮ ಅವ್ವ ಕಲಿಸಿದ ಮಡಿಕೆ ಅದು.

ಆರನೇ ವಾರ, ಮಂಗಳವಾರ, ನಾನು ಮೀನು ತೊಳೆಯುತ್ತಿದ್ದಾಗ ದಡಬಡ ಸದ್ದಾಯಿತು. ಹಿಂದೆಯೇ ಅಕಾಯಿತಿ ಕೂಗಿದರು. ಓಡಿ ಹೋಗಿ ಅಂಚಿನಲ್ಲಿ ನಿಂತೆ. ಬದಿಯ ಮರಳು ಕುಸಿದು ತಾಮಾರುವಾ ಹೊಂಡದ ತಳಕ್ಕೆ ಜಾರಿ ಬಿದ್ದಿದ್ದರು. ಎಡಗಾಲು ಮೈ ಕೆಳಗೆ ಮಡಚಿಕೊಂಡಿತ್ತು. ಸೊಂಟದವರೆಗೆ ಮರಳು. ಜೀವಕ್ಕೇನೂ ಅಪಾಯವಿರಲಿಲ್ಲ, ಆದರೆ ಏಳಲು ಆಗುತ್ತಿರಲಿಲ್ಲ. ಅಕಾಯಿತಿ ಒಬ್ಬರೇ ರಟ್ಟೆ ಹಿಡಿದು ಎಳೆಯುತ್ತಿದ್ದರು.

ಎದುರಿನ ಅಂಚಿಗೆ ಮಾತಾಪೋ ಬಂದು ನಿಂತ, ಕೈಯಲ್ಲಿ ಬಲೆಯ ಸೂಜಿ. ನಾನು ಈ ಕಡೆ, ಅವನು ಆ ಕಡೆ. ಇಬ್ಬರ ಕಾಲೂ ಅಂಚಿನಲ್ಲೇ. ಮೊದಲು ಕಾಲಿಟ್ಟ ಕೇರಿಯ ಹಕ್ಕು ಹೋಯಿತು. ಬಡಗಣದವರ ಮುಖ ನನ್ನ ಕಣ್ಣ ಮುಂದೆ ಬಂತು, ಸತ್ತ ಗಂಡನ ಮುಖವೂ. ಅವನಿಗೂ ಅಂಥದ್ದೇ ಏನೋ ಕಂಡಿರಬೇಕು. ಎಷ್ಟು ಹೊತ್ತು ನಿಂತೆವೋ. ಅರ್ಧ ನಿಮಿಷ ಇದ್ದೀತು. ನನ್ನ ಬದುಕಿನಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತಂದ ಅರ್ಧ ನಿಮಿಷ ಅದು.

ತಾಮಾರುವಾ ಕೆಳಗಿನಿಂದ ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು.

"ನೋಡಿ, ನಾನು ಕೆಸುವಿನ ಗೆಡ್ಡೆ ಅಲ್ಲ," ಅಂದರು. "ಇಲ್ಲೇ ಬಿಟ್ರೆ ಚಿಗುರೋದಿಲ್ಲ."

ಮಾತಾಪೋನ ಹಿಂದಿನಿಂದ ಯಾರೋ ಅವನನ್ನು ಪಕ್ಕಕ್ಕೆ ನೂಕಿದರು. ತೆಕೂರಾ. ಎಪ್ಪತ್ತರ ಹತ್ತಿರದ ನನ್ನ ಅಕ್ಕ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂತು, ಚಿಕ್ಕ ಹುಡುಗಿಯ ಹಾಗೆ ಅಂಡಿನ ಮೇಲೆ ಜಾರಿ ಹೊಂಡದ ತಳ ಮುಟ್ಟಿದಳು. ಮೈ ಕೊಡವಿಕೊಂಡು ಎದ್ದು, ಪಾದ್ರಿಯ ಪಕ್ಕ ಮೊಣಕಾಲೂರಿ ಎರಡೂ ಕೈಯಲ್ಲಿ ಮರಳು ತೋಡಲು ಶುರು ಮಾಡಿದಳು. ಆಮೇಲೆ ತಲೆಯೆತ್ತದೆಯೇ ಹೇಳಿದಳು:

"ಕಿಮೀ, ಅಲ್ಲಿ ನಿಂತ್ಕೊಂಡು ಏನು ನೋಡ್ತಿದೀಯೇ? ಬಂದು ಕಾಲು ಹಿಡಿ."

ಇಪ್ಪತ್ತೆರಡು ವರ್ಷದ ಮೇಲೆ ನನ್ನ ಅಕ್ಕ ನನ್ನ ಜೊತೆ ಆಡಿದ ಮೊದಲ ಮಾತು. ನಾನು ಹೇಗೆ ಇಳಿದೆನೋ ತಿಳಿಯದು. ಇಳಿದ ಮೇಲೆ ನೋಡಿದರೆ ಒಂದು ಕೈಯಲ್ಲಿ ಇನ್ನೂ ಮೀನಿತ್ತು.

ಮರಳು ತೆಗೆದು ಕಾಲು ಬಿಡಿಸಿದೆವು. ಮಂಡಿ ಉಳುಕಿತ್ತು, ಮುರಿದಿರಲಿಲ್ಲ. ಮೂವರು ಹೆಂಗಸರು ಸೇರಿ ಎತ್ತಲು ನೋಡಿದೆವು, ಒಂದು ಗೇಣು ಎತ್ತುವುದು, ಧೊಪ್ಪನೆ ಕೂರಿಸುವುದು. ತೂಕ ಇಳಿದಿತ್ತೆಂದು ನಾನು ಹೇಳಿದ್ದು ದೂರದಿಂದ ನೋಡಿದ ಮಾತು.

"ನೀವೇ ತಾನೇ ತಿನ್ನಿಸಿದ್ದು? ನೀವೇ ಎತ್ತಿ," ಎಂದರು ಅಕಾಯಿತಿ. ಎರಡನೇ ಸಲ ಕೂರಿಸಿದಾಗ ತೆಕೂರಾಗೆ ನಗು ಬಂತು. ಅವಳು ನಕ್ಕರೆ ಮೂಗಿನಲ್ಲಿ ಒಂದು ಸದ್ದು ಬರುತ್ತದೆ, ಚಿಕ್ಕಂದಿನಿಂದಲೂ. ಆ ಸದ್ದು ಕೇಳಿ ನನಗೂ ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ನಾನು ಅಳುತ್ತಿದ್ದೆ ಎಂದು ಪಾದ್ರಿಯಮ್ಮ ಹೇಳುತ್ತಾರೆ, ನನಗೆ ನೆನಪಿಲ್ಲ. ಅಂಚಿನಲ್ಲಿ ನಿಂತಿದ್ದ ಮಾತಾಪೋ ಬಾಯಲ್ಲಿ ಏನೋ ಗೊಣಗಿ, ಬಲೆಯ ಸೂಜಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿ, ಇಳಿದು ಬಂದ. ಬಂದವನೇ ನನ್ನ ಮುಖ ನೋಡದೆ, ನೀನು ಬಲಗಡೆ ಹಿಡಿ ಎಂದ. ಹಿಡಿದೆ.

ಹೊತ್ತು ಮೇಲೆ ತಂದು ಮಲಗಿಸುವಷ್ಟರಲ್ಲಿ ಎರಡೂ ಕೇರಿಯವರು ಅಂಚಿನ ಸುತ್ತ ನೆರೆದಿದ್ದರು. ಯಾರ ಕಾಲು ಮೊದಲು ಬಿದ್ದದ್ದು ಎಂದು ಕೇಳಲು ಬಾಯಿ ತೆರೆದವನೊಬ್ಬ ತೆಕೂರಾಳ ಮುಖ ನೋಡಿ ಮುಚ್ಚಿಕೊಂಡ. ಆಗಲೇ ಅಕಾಯಿತಿ ಹೊಂಡದೊಳಗಿನಿಂದ ನಮ್ಮನ್ನು ಕರೆದರು. ತಮ್ಮ ಬೋಗುಣಿ ತರಲು ಮತ್ತೆ ಇಳಿದಿದ್ದರು. ಪಾದ್ರಿ ಬಿದ್ದು ಒದ್ದಾಡಿದ ಜಾಗದಲ್ಲಿ ಮರಳು ಕಪ್ಪಾಗಿತ್ತು, ಅಂಗೈಯಷ್ಟು ನೀರು ನಿಂತಿತ್ತು. ಮಾತಾಪೋ ಮತ್ತೆ ಇಳಿದು, ಬಗ್ಗಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಸಿಹಿ," ಅಂದ.

ಮುಂದೆ ಆದದ್ದನ್ನು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ಮರುದಿನ ಬೆಳಿಗ್ಗೆ ಪಾದ್ರಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಅಕಾಯಿತಿ ಎಂದಿನಂತೆ ಇಳಿದಿದ್ದರು. ನಾನು ಬುಟ್ಟಿ ತೆಗೆದುಕೊಂಡು ಹೋದೆ. ತೆಕೂರಾ ಆಗಲೇ ಬಂದಿದ್ದಳು. ಬಿಸಿಲೇರುವ ಹೊತ್ತಿಗೆ ಮೂವತ್ತು ಜನ, ವಾರ ಮುಗಿಯುವಷ್ಟರಲ್ಲಿ ಕೈಕಾಲಿದ್ದವರೆಲ್ಲ. ಪಾದ್ರಿ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಸಲಹೆ ಕೊಡುತ್ತಿದ್ದರು. ಎಲ್ಲ ತಪ್ಪು ಸಲಹೆ. ನಮ್ಮ ದ್ವೀಪದಲ್ಲಿ ಕೆಸು ನೆಟ್ಟು ಗೊತ್ತಿಲ್ಲದವರು ಅವರೊಬ್ಬರೇ.

ಒಂದು ಮಧ್ಯಾಹ್ನ ಎಳನೀರು ಕುಡಿಯುತ್ತಾ ನಾನು ಪಾದ್ರಿಯಮ್ಮನಿಗೆ ಎಲ್ಲ ಹೇಳಿಬಿಟ್ಟೆ: ಜಗಳ, ಕಟ್ಟು, ನಾವು ಬಾಯಿ ಮುಚ್ಚಿಕೊಂಡು ನೋಡಿದ್ದು. ಮೊದಲೇ ತಿಳಿಸದೆ ತಪ್ಪು ಮಾಡಿದೆವು, ಕ್ಷಮಿಸಿ ಎಂದೆ. ಅವರು ಎಳನೀರಿನ ಬುರುಡೆಯನ್ನು ಕೆಳಗಿಟ್ಟರು.

"ನಂಗೆ ಎರಡನೇ ದಿನಾನೇ ಗೊತ್ತಾಯ್ತು ಕಿಮಿಯೋರಾ," ಅಂದರು. "ಹಂದಿ ಹುಡುಕೋಕೆ ಬರ್ತಾನಲ್ಲ, ಅವನು ಎಲ್ಲಾ ಹೇಳ್ದ. ನಿಲ್ಲಿಸೋಣ ಅಂತ ಇವರು. ನಿಲ್ಲಿಸು ಅಂತ ಯಾರಾದ್ರೂ ಬಂದು ಹೇಳ್ಲಿ, ಆಗ ಅವರನ್ನ ಕೂರಿಸಿ ಮಾತಾಡಿಸೋಣ ಅಂತ ನಾನು. ದಿನಾ ಕಾದೆವು. ಒಬ್ಬರೂ ಬರ್ಲಿಲ್ಲ. ಮಾತಾಡೋಕೆ ಬಂದೀರಿ ಅಂತ ಕಾಯ್ತಾ ಕಾಯ್ತಾ ಅರ್ಧ ಹೊಂಡ ಅಗೆದ್ಬಿಟ್ವಿ."

ಪಾದ್ರಿ ಬಿದ್ದದ್ದು ಬೇಕೆಂದೇ ಇರಬಹುದೇ ಎಂದು ನನಗೆ ಆಗ ಅನುಮಾನ ಬಂತು. ಕೇಳಿಯೇಬಿಟ್ಟೆ. ಅಕಾಯಿತಿ ಬಹಳ ಹೊತ್ತು ನಕ್ಕರು. ಬೇಕೆಂದು ಬೀಳುವಷ್ಟು ಚುರುಕು ಇವರಿಗಿದ್ದಿದ್ದರೆ ಬೀಳದೆ ನಿಲ್ಲುವುದಕ್ಕೂ ಬರುತ್ತಿತ್ತು ಎಂದರು.

ಆ ಭಾನುವಾರ ಪಾದ್ರಿ ಕುಂಟುತ್ತಾ ವೇದಿಕೆ ಹತ್ತಿದರು. ಹೊಂಡದ ಬಗ್ಗೆ, ಕ್ಷಮೆಯ ಬಗ್ಗೆ ದೊಡ್ಡ ಉಪದೇಶ ಬರುತ್ತದೆಂದು ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಅವರು ಮೀನಿನ ಬಗ್ಗೆ ಮಾತಾಡಿದರು, ಯೇಸುವಿನ ಶಿಷ್ಯ ಪೇತ್ರನ ಬಲೆಯ ಬಗ್ಗೆ, ಹನ್ನೊಂದೇ ನಿಮಿಷ. ನಮ್ಮಲ್ಲಿ ಒಂದು ಕೇರಿಯವರು ಒಂದು ಸ್ತೋತ್ರ ಎತ್ತಿದರೆ ಇನ್ನೊಂದು ಕೇರಿಯವರು ಅದಕ್ಕಿಂತ ಜೋರಾಗಿ ಇನ್ನೊಂದು ಎತ್ತುವುದು ರೂಢಿ. ಅಂದು ನಮ್ಮ ಸರದಿ ಬಂದಾಗ ಹಾಡು ಎತ್ತಿದೆ. ಎರಡನೇ ಸಾಲಿಗೆ ಬರುವಾಗ ತೆಂಕಣದವರ ಬೆಂಚಿನಿಂದ ಒಂದು ದನಿ ಬಂದು ನನ್ನ ದನಿಯ ಕೆಳಗೆ ಕೂತಿತು. ಅವ್ವನ ಮಡಿಲಲ್ಲಿ ಕೂತು ಹಾಗೆಯೇ ಹಾಡುತ್ತಿದ್ದೆವು, ತೆಕೂರಾ ಕೆಳಗೆ, ನಾನು ಮೇಲೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರೂ ಎದೆಯಿಂದ ಹೂಂಕರಿಸುತ್ತಾ ತಾಳ ಹಾಕಿದರು, ಎರಡೂ ಕಡೆಯವರು. ಚರ್ಚಿನ ತಗಡು ಅದುರಿತು. ಮುಂದಿನ ಬೆಂಚಿನಲ್ಲಿ ಕೂತಿದ್ದ ಪಾದ್ರಿಯಮ್ಮ ಟೋಪಿ ತೆಗೆದು ಮುಖ ಒರೆಸಿಕೊಂಡರು.

ಕೆಸು ಬಲಿಯಲು ಒಂದು ವರ್ಷದ ಮೇಲೆ ಬೇಕಾಯಿತು. ಅಷ್ಟರಲ್ಲಿ ಜಗಳಗಳು ಇರಲಿಲ್ಲವೆಂದಲ್ಲ. ಗಡಿ ಎಲ್ಲಿ ಎಂದು ಒಬ್ಬಿಬ್ಬರು ಹಗ್ಗ ಹಿಡಿದು ಬಂದರು. ಮಾತಾಪೋ ಅವರನ್ನು ಹೊಂಡದಲ್ಲಿ ಇಳಿಸಿ ಕಳೆ ಕೀಳಿಸಿದ. ಗೆಡ್ಡೆಗಳು ಮಕ್ಕಳ ತಲೆಯಷ್ಟು ದಪ್ಪಗೆ ಬಂದವು. ಮೊದಲ ಫಲ ಪಾದ್ರಿಗೆ ಸಲ್ಲಬೇಕು, ಅದರಲ್ಲಿ ಯಾರ ತಕರಾರೂ ಇರಲಿಲ್ಲ. ಅಕಾಯಿತಿ ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಸಣ್ಣ ಸಣ್ಣ ಹೋಳು ಮಾಡಿ, ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಒಂದೊಂದು ಕೊಟ್ಟರು. ಇನ್ನೂರ ಹತ್ತು ಹೋಳು. ಕೊನೆಗೆ ತಾಮಾರುವಾಗೆ ಪಾತ್ರೆಯ ತಳಕ್ಕೆ ಅಂಟಿದ್ದಷ್ಟೇ ಉಳಿಯಿತು. ಅದನ್ನು ಬೆರಳಿನಲ್ಲಿ ಬಳಿದು ತಿಂದು, ಇಷ್ಟು ರುಚಿ ಇರುತ್ತದೆಂದು ಗೊತ್ತಿದ್ದರೆ ಇನ್ನೊಂದು ಸಲ ಬೀಳುತ್ತಿದ್ದೆ ಅಂದರು.

ಆ ಸಂಜೆ ಕುಣಿತವಿತ್ತು. ಪಾದ್ರಿಯ ಹೆಂಡತಿ ಕುಣಿಯುವ ರೂಢಿಯಿಲ್ಲ. ಅಕಾಯಿತಿ ಮೊದಲು ಕೂತಲ್ಲೇ ಭುಜ ಆಡಿಸಿದರು, ಆಮೇಲೆ ಕೈ ಆಡಿಸಿದರು. ಡೋಲು ಜೋರಾದಾಗ ಗಂಡನ ಕಡೆ ನೋಡಿದರು. ಅವರು ಆಕಾಶ ನೋಡಿದರು. ಅಷ್ಟೇ ಸಾಕಾಯಿತು. ಅರವತ್ತೆರಡರ ಆ ಹೆಂಗಸು ಸೊಂಟ ಕುಣಿಸಿದ ಪರಿಗೆ ಡೋಲಿನವನು ತಾಳ ತಪ್ಪಿದ. ತೆಕೂರಾ ನನ್ನ ತೊಡೆ ಚಿವುಟಿ, ಇವರನ್ನು ಕೇಳಿಕೊಂಡು ಬಂದಿದ್ದ ಆ ಪಾಪದ ಪಾದ್ರಿ ವಿದ್ಯಾರ್ಥಿ ಬದುಕಿಕೊಂಡ ಬಿಡು ಅಂದಳು.

ಐದು ವರ್ಷ ತುಂಬಿದಾಗ ಪಾದ್ರಿಗಳನ್ನು ಬೇರೆ ದ್ವೀಪಕ್ಕೆ ಕಳಿಸುವುದು ಚರ್ಚಿನ ದೊಡ್ಡ ಸಭೆಯ ಪದ್ಧತಿ. ಪತ್ರ ಬಂತು. ಪಾದ್ರಿಯಮ್ಮ ಬಟ್ಟೆ ಮಡಿಸಲು ಶುರು ಮಾಡಿದರು, ಮುಖದಲ್ಲಿ ಏನೂ ತೋರಿಸಿಕೊಳ್ಳದೆ. ಮಾತಾಪೋ ಒಂದು ಕಾಗದ ತಂದು ಹೊಂಡದ ಅಂಚಿನ ಕಲ್ಲಿನ ಮೇಲೆ ಇಟ್ಟ. ಇವರನ್ನು ಇನ್ನೊಂದು ಅವಧಿ ಇಲ್ಲೇ ಬಿಡಿ ಎಂದು ಅರ್ಜಿ. ಯಾರು ಮೊದಲು ರುಜು ಹಾಕಬೇಕೆಂಬ ಮಾತೇ ಏಳಲಿಲ್ಲ, ಏಕೆಂದರೆ ಅವನು ಆಗಲೇ ಹಾಕಿಕೊಂಡು ಬಂದಿದ್ದ. ಅವನ ಹೆಸರಿನ ಕೆಳಗೆ ನಾನು ಹಾಕಿದೆ. ಉಳಿದವರಿಗೆ ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋದರು. ಹಡಗು ಉತ್ತರ ತರುವಷ್ಟರಲ್ಲಿ ಮೂರು ತಿಂಗಳು. ಆ ಮೂರು ತಿಂಗಳು ಅವರ ಮಡಿಸಿದ ಬಟ್ಟೆಗಳು ಪೆಟ್ಟಿಗೆಯಲ್ಲೇ ಇದ್ದವು, ಪಾದ್ರಿ ಹೊರಗೆ ಉಳಿದಿದ್ದ ಎರಡು ಅಂಗಿಗಳಲ್ಲೇ ಕಾಲ ಹಾಕಿದರು. ಉತ್ತರ ಬಂದ ದಿನ ಅಕಾಯಿತಿ ಪೆಟ್ಟಿಗೆಯನ್ನು ಹೊರಗೆ ತಂದು ಎಲ್ಲವನ್ನೂ ಹಗ್ಗದ ಮೇಲೆ ಹರವಿದರು. ದೂರದಿಂದ ಅದನ್ನು ನೋಡಿಯೇ ಊರಿಗೆಲ್ಲ ಸುದ್ದಿ ತಿಳಿಯಿತು.

ಬರುವ ತಿಂಗಳು ಅವರಿಬ್ಬರೂ ರಾರೊಟೊಂಗಾದಲ್ಲಿ ನಡೆಯುವ ದೊಡ್ಡ ಸಭೆಗೆ ಹೋಗಿ ಬರುತ್ತಾರೆ. ಪಾದ್ರಿಯಮ್ಮ ನಮ್ಮ ದ್ವೀಪದ ಟೋಪಿ ಹಾಕಿಕೊಂಡೇ ಹೋಗಬೇಕೆಂದು ನಾನೂ ತೆಕೂರಾಳೂ ಎಳೆ ಗರಿ ಬೇಯಿಸಿ, ಒಣಗಿಸಿ, ಹೆಣೆಯುತ್ತಾ ಕೂತಿದ್ದೇವೆ. ಅಂಚು ಅಗಲ ಇರಬೇಕು ಎಂದು ಅವಳು, ಕಿರಿದಾದರೆ ಮುಖ ಕಾಣುತ್ತದೆ ಎಂದು ನಾನು. ನಿನ್ನೆ ನಾನು ಹೆಣೆದದ್ದನ್ನು ನಾನಿಲ್ಲದಾಗ ನಾಲ್ಕು ಸುತ್ತು ಬಿಚ್ಚಿ ಹಾಕಿದ್ದಾಳೆ. ಬೆಳಿಗ್ಗೆಯಿಂದ ಅವಳ ಜೊತೆ ಮಾತು ಬಿಟ್ಟಿದ್ದೇನೆ. ಈಗ ಹೊತ್ತು ನೆತ್ತಿಗೆ ಬಂದಿದೆ, ಹಸಿವಾಗಿದೆ, ಅವಳು ಎಲೆ ಬಿಚ್ಚಿ ಕೆಸು ಬಡಿಸುತ್ತಿದ್ದಾಳೆ. ಇನ್ನು ಹೆಚ್ಚು ಹೊತ್ತು ತಡೆಯಲಾರೆ.